ಬೋರ್ಡಿನಲ್ಲಿ ಬುದ್ಧಿಮಾತು, ಬಾಣಲಿಯಲ್ಲಿ ಪಾಮ್ ಎಣ್ಣೆ

ಸಮೋಸ, ಜಿಲೇಬಿಯ ಎಣ್ಣೆ-ಸಕ್ಕರೆ ಲೆಕ್ಕವನ್ನು ಗೋಡೆಗೆ ನೇತು ಹಾಕಿ ಅಂತ 2025ರ ಮಧ್ಯದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತಲ್ಲ, ಅದಕ್ಕೆ ನನ್ನದೊಂದು ತಕರಾರಿದೆ. ಮಿರ್ಚಿ ಭಜಿ ಎಲ್ಲಿ ಸ್ವಾಮಿ? ಹುಬ್ಬಳ್ಳಿ-ಧಾರವಾಡದವರು ಸಂಜೆ ಗಿರ್ಮಿಟ್ ಜತೆ ಹೃದಯ ಕೆಡಿಸಿಕೊಳ್ಳೋದು ಸಮೋಸದಿಂದಲ್ಲ. ಮಹದಾಯಿ ನೀರಂತೂ ಬರಲಿಲ್ಲ, ಬೋರ್ಡಿಗೆ ಒಂದು ಮಿರ್ಚಿಯಾದರೂ ಬರಬಾರದಿತ್ತಾ?

ಆಮೇಲೆ ಸ್ಪಷ್ಟನೆ ಬಂತು. ಇದು ಅಂಗಡಿಗಳಿಗಲ್ಲ, ಕಚೇರಿಗಳಿಗೆ ಅಂತ. ಒಳ್ಳೆಯದೇ. ಫೈಲು ಮುಟ್ಟದ ಕೈ ಸಮೋಸವನ್ನೂ ಮುಟ್ಟಬಾರದು.

ಇನ್ನು ಯಾವ ಎಣ್ಣೆ ಒಳ್ಳೆಯದು ಅಂತ ತೀರ್ಮಾನಿಸೋ ಕೆಲಸವನ್ನು ಹುಬ್ಬಳ್ಳಿಯ ನೃಪತುಂಗ ಬೆಟ್ಟದ ವಾಕಿಂಗ್ ಮಂದಿ ವಹಿಸಿಕೊಂಡಿದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ಕೊಬ್ಬರಿ ಎಣ್ಣೆ ಕುಡಿಯಬೇಕಂತೆ. ನಮ್ಮ ಕಡೆ ಕೊಬ್ಬರಿ ಎಣ್ಣೆ ಅಂದರೆ ತಲೆಗೆ ಹಚ್ಚೋದು. ಕೂದಲು ಉದುರಿದ ಮೇಲೆ ಉಳಿದ ಬಾಟಲಿಗೆ ದಾರಿ ಹುಡುಕಿದ್ದಿರಬೇಕು. ಅದರಲ್ಲಿ ಶೇ. 80ಕ್ಕಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬಿದೆ, ತುಪ್ಪವನ್ನೂ ಮೀರಿಸುತ್ತೆ, ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತೆ ಅಂದರೆ, 'ಕೇರಳದವರು ತಿನ್ನೋದಿಲ್ಲೇನ್ರಿ?' ಅಂತಾರೆ. ತಿಂತಾರೆ ಸರ್. ಜತೆಗೆ ಮೀನೂ ತಿಂತಾರೆ, ಅದಕ್ಕೆ ಮಾತ್ರ ನೀವು ಮೂಗು ಮುಚ್ಚಿಕೊಳ್ಳುತ್ತೀರಿ. ಅಲ್ಲಿ ಹೃದ್ರೋಗಿಗಳಿಗೂ ಬರಗಾಲವಿಲ್ಲ.

ಪ್ಯಾಕೆಟ್ ಮಾಡೋರದ್ದು ಇನ್ನೊಂದು ಥರ. ಪಾಮ್ ಎಣ್ಣೆ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಅಂತ ಬರೆಯೋದು, ದಾಂಡೇಲಿ ಬಸ್ಸಿನ ಮೇಲೆ 'ಒಳಗೆ ಮೊಸಳೆ ಇಲ್ಲ' ಅಂತ ಬರೆದ ಹಾಗೆ. ಗಿಡದ ಎಣ್ಣೆಯಲ್ಲಿ ಅದು ಯಾವತ್ತು ಇತ್ತು? ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬಿದೆಯಲ್ಲ, ಅದನ್ನು ಹಿಂದೆ ಇರುವೆ ಸಾಲಿನಲ್ಲಿ ಬರೆದಿರ್ತಾರೆ. ಅಂಥ ಕೊಬ್ಬು ಹೆಚ್ಚಾದರೆ ರಕ್ತದಲ್ಲಿರೋ ಎಲ್‌ಡಿಎಲ್ ಎಳೆದುಕೊಳ್ಳೋದನ್ನು ಲಿವರ್ ಕಮ್ಮಿ ಮಾಡುತ್ತೆ. ಪ್ಯಾಕೆಟ್ಟಿನ ಮುಂದಿರೋ ಕೆಂಪು ಹೃದಯದ ಚಿತ್ರಕ್ಕೆ ಇದು ಗೊತ್ತಿಲ್ಲ.

ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳದ ಸುತ್ತ ಕುಸುಬಿ ಹಾಕ್ತಿದ್ದರು. ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುತ್ತಿರಲಿಲ್ಲ, ಬೇಲಿಯ ಖರ್ಚಿಲ್ಲ, ಮೇಲೆ ಮನೆಗೆ ಎಣ್ಣೆ. ಆ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಶೇ. 10 ಕೂಡ ಮುಟ್ಟಲ್ಲ. ರೊಟ್ಟಿ, ಹಿಂಡಿ (ನಮ್ಮ ಕಡೆಯ ಚಟ್ನಿಪುಡಿ), ಮೇಲೊಂದಿಷ್ಟು ಕುಸುಬಿ ಎಣ್ಣೆ. ಇದನ್ನು ತಿಂದವರಿಗೆ ಯಾರೂ ಬೋರ್ಡ್ ತೋರಿಸಿರಲಿಲ್ಲ. ಈಗ ಕೊಯ್ಯೋಕೆ ಆಳು ಸಿಗಲ್ಲ, ಮುಳ್ಳಿನ ಕೂಲಿ ಕಳೆದರೆ ಕೈಗೇನೂ ಉಳಿಯಲ್ಲ. ಅದೇ ಹೊಲದವರ ಅಡುಗೆಮನೆಯಲ್ಲಿ ಈಗ ಕಿರಾಣಿ ಅಂಗಡಿಯ ಪ್ಯಾಕೆಟ್ ಇದೆ.

ದೇಶ ತಿನ್ನೋ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿಂದ ಬರುತ್ತೆ. ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾದ ಪಾಮ್. 2025ರ ಮೇ ಕೊನೆಯಲ್ಲಿ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಿದರು. ಆಮೇಲೆ ಎಣ್ಣೆ ಕಮ್ಮಿ ತಿನ್ನಿ ಅಂದರು. ಹಡಗಿಗೆ ಕೆಂಪು ಹಾಸು ಹಾಸಿದವರೂ ಇವರೇ, ನಮ್ಮ ತಟ್ಟೆ ನೋಡಿ ಗದರಿಸೋರೂ ಇವರೇ. ಸುಂಕ ಇಳಿಸಿದ್ದು ಬೆಲೆ ತಗ್ಗಿಸೋಕೆ ಅಂತಾರೆ. ಸರಿ, ಒಪ್ಪೋಣ. ಆದರೆ ಭಜಿ ಅಣ್ಣ ಅಗ್ಗದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಕರಿಯೋದು ಅವನಿಗೆ ಬುದ್ಧಿ ಕಮ್ಮಿ ಅಂತಲ್ಲ. ದಿನದ ದುಡಿಮೆಯಲ್ಲಿ ಅಷ್ಟೇ ಗಿಟ್ಟುತ್ತೆ ಅಂತ. 2025-26ರ ಮಾರಾಟ ಹಂಗಾಮಿಗೆ ಕ್ವಿಂಟಲಿಗೆ 5,940 ರೂಪಾಯಿ ಅಂದ ಹಾಗೆ ಕುಸುಬಿಗೆ ಬೆಂಬಲ ಬೆಲೆ ಘೋಷಿಸಿ ಕೈ ತೊಳೆದುಕೊಂಡರೆ ಬಿತ್ತನೆ ಆಗಲ್ಲ ಮಾರಾಯ್ರೇ. ಕೊಯ್ಯೋ ಯಂತ್ರ ಬಾಡಿಗೆಗೆ ಕೊಡಿ, ತೂಗಿ ಕೊಳ್ಳೋ ಕೇಂದ್ರ ಹೊತ್ತಿಗೆ ಸರಿಯಾಗಿ ತೆರೆಯಿರಿ.