ಗಾಳಿ ಕುಡಿಯುವ ಪೈಪು

ಇಂದು ಬೆಳಿಗ್ಗೆ ಮೈತುಂಬ ಸೋಪು ಹಚ್ಚಿಕೊಂಡು ನಿಂತಿದ್ದಾಗ ಬಚ್ಚಲಿನ ನಲ್ಲಿ ಎರಡು ಸಲ ಕೆಮ್ಮಿ, ಒಂದು ಸಲ ಉಸಿರುಬಿಟ್ಟು, ಸುಮ್ಮನಾಯಿತು. ಹೊರಗೆ ಆಷಾಢದ ಮಳೆ ಹಂಚು ಒಡೆಯುವಂತೆ ಹೊಯ್ಯುತ್ತಿತ್ತು. ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಒಣಗಿರುವುದು ಒಲೆಯ ಮೇಲಿನ ಅಟ್ಟ ಮಾತ್ರ. ಈಗ ಅದರ ಜೊತೆಗೆ ನಮ್ಮ ನಲ್ಲಿ. ಪಂಚೆ ಸುತ್ತಿಕೊಂಡು ಸೂರಿನ ನೀರಿಗೆ ತಲೆಯೊಡ್ಡಿ ಸೋಪು ತೊಳೆದುಕೊಂಡೆ. ಪಕ್ಕದ ಮನೆಯವರು ಹಾಲಿಗೆಂದು ಆಗಲೇ ಬರಬೇಕೆ?

ಮೋಟರ್ ಓಡುತ್ತಿತ್ತು, ನೀರು ಏರುತ್ತಿರಲಿಲ್ಲ. ದಂಡೆಯ ಮೇಲೆ ಕೂತ ಪಂಪು ಸುಮಾರು 25 ಅಡಿಗಿಂತ ಆಳದ ನೀರನ್ನು ಎಳೆಯಲು ತಿಣುಕುತ್ತದೆ, ಒಪ್ಪಿದೆ. ಏಪ್ರಿಲ್ ತಿಂಗಳಾಗಿದ್ದರೆ ಕ್ಷಮಿಸುತ್ತಿದ್ದೆ. ಈಗ ಬಾವಿ ಬಾಯಿಯವರೆಗೆ ತುಂಬಿದೆ, ಬಗ್ಗಿದರೆ ಚೊಂಬಿಗೆ ನೀರು ಸಿಗುತ್ತದೆ. ಅದನ್ನು ಎಳೆಯಲಾಗದೆ ಪಂಪು ಗೊರಗುಟ್ಟುತ್ತಿತ್ತು.

ತಪ್ಪು ಬಾವಿಯ ಕಡೆಯ ಜಾಯಿಂಟಿನದು. ಅದರ ಗುಣವೇ ವಿಚಿತ್ರ. ಮೋಟರ್ ನಿಂತಾಗ ಮೇಲಿನ ಪೈಪಿನಲ್ಲಿ ನಿಂತ ನೀರಿನ ಭಾರಕ್ಕೆ ತೊಟ್ಟಿಕ್ಕುತ್ತದೆ. ಮೋಟರ್ ಹಾಕಿದೊಡನೆ ಒಣಗಿ, ಸಭ್ಯನಂತೆ ಕುಳಿತು, ಒಳಗೊಳಗೇ ಗಾಳಿ ಕುಡಿಯುತ್ತದೆ. ನೀರು ಸೋರಿದರೆ ಕಾಣುತ್ತದೆ. ಗಾಳಿ ಸೋರುವುದನ್ನು ಎಲ್ಲಿಂದ ಹುಡುಕುವುದು? ಕಿವಿಯಿಟ್ಟರೆ ಸಣ್ಣಗೆ ‘ಸ್ಸ್’ ಎನ್ನುತ್ತದೆ, ಅದೂ ಮಳೆಯ ಸದ್ದು ಬಿಡುವು ಕೊಟ್ಟರೆ.

ಇಷ್ಟು ಹೊತ್ತಿಗೆ ಅಪ್ಪಯ್ಯ ಬಂದಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸೈಕಲ್ಲಿನ ಟ್ಯೂಬು.

ಈ ಟ್ಯೂಬಿನ ಬಗ್ಗೆ ಹೇಳಲೇಬೇಕು. ನಮ್ಮ ಮನೆಯಲ್ಲಿ ಏನೇ ಬಿರುಕು ಬಿಟ್ಟರೂ ಅಪ್ಪಯ್ಯನ ಔಷಧಿ ಒಂದೇ. ಬೆರಳಗಲ ಪಟ್ಟಿ ಕತ್ತರಿಸಿ, ಎಳೆದೆಳೆದು ಸುತ್ತಿ, ಕೊನೆಯನ್ನು ಒಳಗೆ ತುರುಕಿ ಗಂಟು ಹಾಕುವುದು. ಬಾವಿಕಟ್ಟೆಯಿಂದ ಬಚ್ಚಲಿನವರೆಗಿನ ಪೈಪಿನಲ್ಲಿ ನಾನು ಎಣಿಸಿದ ಹಾಗೆ 11 ಕಡೆ ಈ ಕಪ್ಪು ಪಟ್ಟಿಗಳಿವೆ. ನೋಡಿದವರು ಪೈಪಿಗೆ ಮೈಗೆ ಹುಷಾರಿಲ್ಲವೇ ಎಂದು ಕೇಳಬೇಕು. ಕೊಡಲಿಯ ಕಾವಿಗೆ ಅದೇ, ಕುರ್ಚಿಯ ಕಾಲಿಗೆ ಅದೇ, ಅಪ್ಪಯ್ಯನ ಕನ್ನಡಕದ ಕಡ್ಡಿಗೂ ಅದರದೇ ಎಳೆ. ಕೇಳಿದರೆ, ‘ಸೋರುತ್ತಿದೆಯೇನು?’ ಎನ್ನುತ್ತಾರೆ. ಸಿಟ್ಟು ಬರುವುದು ಅಲ್ಲಿಯೇ. ಸೋರುತ್ತಿರುವುದಿಲ್ಲ.

‘ಟ್ಯೂಬು ಸುತ್ತಿಬಿಡು ಮಾರಾಯ.’

‘ಸರಿಯಾಗಿ ರಿಪೇರಿ ಮಾಡೋಣ ಅಪ್ಪಯ್ಯ’ ಎಂದೆ. ಓದಿದವನೆಂಬ ಅಹಂಕಾರ. ಹಳೆಯದನ್ನು ಬಿಚ್ಚಿ, ಟೆಫ್ಲಾನ್ ಟೇಪು ಸುತ್ತಿ, ಕಬ್ಬಿಣದ ನಿಪ್ಪಲ್ಲಿಗೆ ಪ್ಲಾಸ್ಟಿಕ್ಕಿನ ಎಫ್‌ಟಿಎ, ಅಂದರೆ ಒಳಗಡೆ ತಿರುಪಿರುವ ಜೋಡುತುಂಡು, ಬಿಗಿದೆ. ಸಾಕಾಗಿತ್ತು. ಇರಲಿ ಎಂದು ಇನ್ನೊಂದು ಸುತ್ತು ತಿರುಗಿಸಿದೆ. ‘ಟಕ್’ ಎಂದಿತು. ಅಪ್ಪಯ್ಯ ಏನೂ ಅನ್ನಲಿಲ್ಲ, ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

ಪೇಟೆಗೆ 14 ಕಿಲೋಮೀಟರ್. ಅಂಗಡಿಯಾತ ‘ಹೊರತಿರುಪಿನ ಎಂಟಿಎಯೋ ಒಳತಿರುಪಿನ ಎಫ್‌ಟಿಎಯೋ, ಮುಕ್ಕಾಲೋ ಒಂದಿಂಚೋ?’ ಎಂದಾಗ ಪರೀಕ್ಷೆಗೆ ಓದದೆ ಬಂದ ಹುಡುಗನಂತೆ ನಿಂತೆ. ಒಡೆದ ತುಂಡನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಸುರಕ್ಷತೆಗೆ ನಾಲ್ಕನ್ನೂ ತಂದೆ.

ಹೊಸದನ್ನು ಕೂರಿಸುವಾಗ ಅಪ್ಪಯ್ಯ ಮೆಲ್ಲಗೆ ಹೇಳಿದರು, ‘ಟೇಪನ್ನು ಬಿಚ್ಚುವ ಕಡೆಗೆ ಸುತ್ತಿದ್ದೀಯ.’ ಹೌದು. ಬಿಗಿಯುವ ದಿಕ್ಕಿಗೇ ಸುತ್ತಬೇಕು, ಇಲ್ಲದಿದ್ದರೆ ತಿರುಗಿಸಿದಂತೆ ಟೇಪು ಸುರುಳಿಯಾಗಿ ಹೊರಬರುತ್ತದೆ. ಮತ್ತೆ ಸುತ್ತಿದೆ. ಹ್ಯಾಕ್ಸಾ ಬ್ಲೇಡಿನಲ್ಲಿ ಪೈಪು ಕತ್ತರಿಸಿ, ಕೊಡೆಯಡಿ ಒರೆಸಿ ಒಣಗಿಸಿ, ಸಲ್ಯೂಷನ್ ಹಚ್ಚಿ ಕಪ್ಲರ್ ಕೂರಿಸಿದೆ. ಒಳಗಿನ ಗಾಳಿ ಹೊರಹೋಗಲೆಂದು ಪಂಪಿನ ತಲೆಗೆ ಚೊಂಬುಗಟ್ಟಲೆ ನೀರೆರೆದೆ. ಶಿವನಿಗೂ ಅಷ್ಟು ಅಭಿಷೇಕ ಮಾಡಿದವನಲ್ಲ.

ಸಲ್ಯೂಷನ್ ಒಣಗಲೆಂದು ಕಟ್ಟೆಯ ಮೇಲೆ ಕೂತಾಗ ಹಿತ್ತಿಲ ಗುಡ್ಡದ ಅಬ್ಬಿ ನೀರಿನ ನೆನಪಾಯಿತು. ನಾನು ಚಿಕ್ಕವನಿದ್ದಾಗ ಅಡಿಕೆ ಮರದ ದಬ್ಬೆಗಳನ್ನು ಒಂದಕ್ಕೊಂದು ಜೋಡಿಸಿ ನೀರನ್ನು ಅಂಗಳಕ್ಕೆ ತರುತ್ತಿದ್ದರು. ದಾರಿಯುದ್ದಕ್ಕೂ ಸೋರುತ್ತಿತ್ತು. ಸೋರಿದಲ್ಲೆಲ್ಲ ಕೆಸುವಿನ ಗಿಡ ಬೆಳೆಯುತ್ತಿತ್ತು, ಅಮ್ಮ ಅದರಲ್ಲಿ ಪತ್ರೊಡೆ ಮಾಡುತ್ತಿದ್ದಳು. ರಾತ್ರಿಯೆಲ್ಲ ಕಲ್ಲುಮರಿಗೆಗೆ ನೀರು ಬೀಳುವ ಸದ್ದು ಕೇಳುತ್ತ ಮಲಗುತ್ತಿದ್ದೆವು. ಅದನ್ನು ರಿಪೇರಿ ಮಾಡಬೇಕೆಂದು ಯಾರಿಗೂ ಅನ್ನಿಸಿದ್ದಿಲ್ಲ.

ಮೋಟರ್ ಹಾಕಿದೆ. ಟ್ಯಾಂಕಿನಲ್ಲಿ ನೀರು ಧೋ ಎಂದು ಬಿತ್ತು. ನನ್ನ ಮುಖದಲ್ಲಿ ಕಳೆ ಬರುವಷ್ಟರಲ್ಲಿ ಮುಂದಿನ ಎಲ್ಬೋದಿಂದ ಸಣ್ಣಗೆ ‘ಸ್ಸ್’.

ಅಪ್ಪಯ್ಯ ಆಗಲೇ ಪಟ್ಟಿ ಕತ್ತರಿಸಿಯಾಗಿತ್ತು. ಹತ್ತಿರದಿಂದ ನೋಡಿದೆ, ಅದರ ಮೇಲೊಂದು ಚೌಕಾಕಾರದ ಪಂಕ್ಚರ್ ತೇಪೆ. ಗುರುತು ಸಿಕ್ಕಿತು, ನಾನು ಹೈಸ್ಕೂಲಿಗೆ ತುಳಿದುಕೊಂಡು ಹೋಗುತ್ತಿದ್ದ ಸೈಕಲ್ಲಿನ ಟ್ಯೂಬು. ಸೈಕಲ್ಲು ಗುಜರಿಗೆ ಹೋಗಿ 20 ವರ್ಷ ಕಳೆದಿದೆ.

ಆರು ಸುತ್ತು, ಒಂದು ಗಂಟು. ಸದ್ದು ನಿಂತಿತು.

‘ನಿನ್ನ ಆ ಹೊಸದಕ್ಕೂ ಒಂದು ಪಟ್ಟಿ ಇರಲಿ ಅಲ್ಲವೇನೋ?’ ಎಂದರು.

ನಾನು ಪಟ್ಟಿಯ ತುದಿಯನ್ನು ಹಿಡಿದುಕೊಂಡೆ.