ಒಟಿಸ್ ರೆಡ್ಡಿಂಗ್ ಕೈಯಿಂದ ಹಾಡನ್ನು ಒಯ್ದವಳು

ನಿನ್ನೆ ಟಿವಿಯ ಹಾಡಿನ ಸ್ಪರ್ಧೆಯೊಂದರಲ್ಲಿ ಹುಡುಗಿಯೊಬ್ಬಳು ಹಳೆಯ ಚಿತ್ರಗೀತೆಯನ್ನು ತನ್ನದೇ ನಡೆಯಲ್ಲಿ, ತುಸು ನಿಧಾನವಾಗಿ, ಎದೆಗೆ ತಾಗುವಂತೆ ಹಾಡಿದಳು. ತೀರ್ಪುಗಾರರು ಅಂಕ ಕಡಿದರು. ‘ಒರಿಜಿನಲ್ ಥರ ಬರಲಿಲ್ಲ’ ಎಂಬುದೇ ಕಾರಣ. ಹಾಡಿನ ಮಾತು ಬಂದರೆ ನಾನು ಸುಮ್ಮನೆ ಕೂರುವವಳಲ್ಲ ಎಂಬುದು ನಿಮಗೆಲ್ಲ ಗೊತ್ತೇ ಇದೆ.

ಪುರಂದರದಾಸರು ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಹೇಗೆ ಹಾಡಿದರೆಂದು ಕೇಳಿದವರು ಇಂದು ಯಾರಿದ್ದಾರೆ? ಭೀಮಸೇನ ಜೋಶಿಯವರು ಅದನ್ನು ತಮ್ಮ ಹಿಂದೂಸ್ತಾನಿ ದನಿಯಲ್ಲಿ ಎತ್ತಿದಾಗ ಕಣ್ಣು ಒದ್ದೆಯಾಗದ ಮನೆಯಿಲ್ಲ. ಇಂಥ ನಾಡಿನಲ್ಲಿ ಕುಳಿತು ಮೂಲದಂತೆಯೇ ಹಾಡು ಎನ್ನುತ್ತೇವಲ್ಲ!

ನನಗೆ ಈ ವಿಷಯದಲ್ಲಿ ಕೊನೆಯ ಮಾತು ‘ರೆಸ್ಪೆಕ್ಟ್’ ಎಂಬ ಇಂಗ್ಲಿಷ್ ಹಾಡು. ಅದನ್ನು ಬರೆದು 1965ರಲ್ಲಿ ಮೊದಲು ಹಾಡಿದವನು ಅಮೆರಿಕದ ಗಾಯಕ ಒಟಿಸ್ ರೆಡ್ಡಿಂಗ್. ಒಳ್ಳೆಯ ಹಾಡು. ಕಹಳೆಗಳ ಅಬ್ಬರ, ಅವನ ಒರಟು ದನಿ, ಎಲ್ಲವೂ ನನಗಿಷ್ಟ. ಆದರೆ ಅವನ ಅಹವಾಲು ಇಷ್ಟೇ: ದುಡಿದ ಹಣವನ್ನೆಲ್ಲ ತಂದುಕೊಡುತ್ತೇನೆ, ಮನೆಗೆ ಬಂದಾಗ ಮರ್ಯಾದೆ ಕೊಡು. 1967ರ ಫೆಬ್ರವರಿಯಲ್ಲಿ ಅಲ್ಲಿನದೇ ಗಾಯಕಿ ಅರೀಥಾ ಫ್ರಾಂಕ್ಲಿನ್ ನ್ಯೂಯಾರ್ಕಿನ ಅಟ್ಲಾಂಟಿಕ್ ಸ್ಟುಡಿಯೋದಲ್ಲಿ ಅದನ್ನು ಹಾಡಿದಳು. ಆಕೆಗೆ ಇನ್ನೂ 25 ತುಂಬಿರಲಿಲ್ಲ. ಈಗ ದುಡ್ಡು ಕೊಡುವವಳೂ ಅವಳೇ, ಮರ್ಯಾದೆ ಕೇಳುವವಳೂ ಅವಳೇ. ಮನೆಯ ಗಂಡಸಿನ ಗೊಣಗಾಟ ಹೆಣ್ಣಿನ ಹಕ್ಕೊತ್ತಾಯವಾಯಿತು. ಆರ್, ಇ, ಎಸ್, ಪಿ ಎಂದು ಅಕ್ಷರ ಬಿಡಿಸಿ ಹೇಳುವ ಆ ಸಾಲು ಒಟಿಸ್‌ನಲ್ಲಿ ಇಲ್ಲವೇ ಇಲ್ಲ. ಹಿನ್ನೆಲೆಯಲ್ಲಿ ಅಕ್ಕ ಅರ್ಮಾ, ತಂಗಿ ಕ್ಯಾರೊಲಿನ್ ದನಿಗೂಡಿಸುತ್ತಾರೆ. ನಡುವೆ ಬರುವ ಕಿಂಗ್ ಕರ್ಟಿಸ್‌ನ ಸ್ಯಾಕ್ಸೋಫೋನ್ ಭಾಗವೂ ಮೂಲದಲ್ಲಿ ಇರಲಿಲ್ಲ. ಅದರ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು, ಬೇರೊಂದು ಹಾಡಿನಿಂದ ತಂದು ಕೂಡಿಸಿದರು. ಆ ಸ್ಪರ್ಧೆಯ ಲೆಕ್ಕದಲ್ಲಿ ಇವೆಲ್ಲ ತಪ್ಪುಗಳು! ಮೂಲವು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 35ನೇ ಸ್ಥಾನಕ್ಕೆ ನಿಂತಿತ್ತು, ಅರೀಥಾಳದು ಮೊದಲ ಸ್ಥಾನಕ್ಕೇರಿತು. ಆ ವರ್ಷದ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತೋತ್ಸವದ ವೇದಿಕೆಯಲ್ಲಿ ಒಟಿಸ್ ತಾನೇ ಹೇಳಿದ, ಈ ಹಾಡನ್ನು ಒಬ್ಬ ಹುಡುಗಿ ನನ್ನಿಂದ ಒಯ್ದುಬಿಟ್ಟಳು ಎಂದು. ಬರೆದವನೇ ಒಪ್ಪಿದ ಮೇಲೆ ನಮ್ಮದೇನು ತಕರಾರು?

ಹೀಗೆ ಬದಲಿಸುವುದು ಮೂಲ ಕರ್ತೃವಿಗೆ ಮಾಡುವ ಅನ್ಯಾಯ ಎಂದು ಕೆಲವು ಗೆಳೆಯರು ವಾದಿಸುತ್ತಾರೆ. ಹೆಸರು ಹೇಳದೆ, ಹಣ ಕೊಡದೆ ಹಾಡಿದರೆ ಅದು ಕಳ್ಳತನ, ಒಪ್ಪುತ್ತೇನೆ. ಆದರೆ ಹಾಡಿಗೆ ಹೊಸ ಜೀವ ಕೊಡುವುದಕ್ಕೂ ಅದಕ್ಕೂ ಏನು ಸಂಬಂಧ? ಅರೀಥಾಳ ‘ರೆಸ್ಪೆಕ್ಟ್’ ಅಮೆರಿಕದ ರೇಡಿಯೋದಲ್ಲಿ ಬಂದಾಗಲೆಲ್ಲ ಗೌರವಧನ ಸಲ್ಲುತ್ತಿದ್ದುದು ರಚನೆಯ ಹಕ್ಕುದಾರರಿಗೆ. ಹಾಡಿದವರಿಗೆ ಅಲ್ಲಿನ ಕಾನೂನು ಎಎಂ, ಎಫ್‌ಎಂ ರೇಡಿಯೋ ಪ್ರಸಾರಕ್ಕೆ ಒಂದು ಸೆಂಟ್ ಕೂಡ ಕೊಡಿಸುವುದಿಲ್ಲ. 2018ರಲ್ಲಿ ಅರೀಥಾ ತೀರಿಕೊಂಡಾಗಲೂ ಆ ಕಾನೂನು ಬದಲಾಗಿರಲಿಲ್ಲ. ಅನ್ಯಾಯದ ಮಾತನ್ನು ಅಲ್ಲಿಂದ ಆರಂಭಿಸೋಣ.