ನೆಂಟರು ಕೆಸರಿನ ಕಾಲದಲ್ಲೇ ದೋಣಿಗೆ ಹೋಗಲಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಎಂಬ ಉದ್ದನೆಯ, ಕಿರಿದಾದ ದೋಣಿಯನ್ನೇ ಮನೆ ಮಾಡಿಕೊಂಡವರನ್ನು ನೋಡಲು ನೆಂಟರಿಷ್ಟರು ಸಾಮಾನ್ಯವಾಗಿ ಜೂನ್, ಜುಲೈ ತಿಂಗಳಲ್ಲಿ ಹೋಗುತ್ತಾರೆ. ಆಗ ದಡದ ಹುಲ್ಲು ಒಣಗಿರುತ್ತದೆ, ಬೆಳಕು ರಾತ್ರಿ ಹತ್ತು ಗಂಟೆಯ ಸುಮಾರಿನವರೆಗೂ ಉಳಿದಿರುತ್ತದೆ. ಚಾವಣಿಯ ಮೇಲಿನ ಕುಂಡಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಎಂಥ ನೆಮ್ಮದಿಯ ಬದುಕು ಎಂದು ಹೊಗಳಿ ಹಿಂದಿರುಗುತ್ತಾರೆ. ನನಗನ್ನಿಸುವಂತೆ ಅವರು ಹೋಗಬೇಕಾದದ್ದು ಮಾರ್ಚ್ ಕೊನೆಯಲ್ಲಿ, ಏಪ್ರಿಲ್‌ನಲ್ಲಿ. ಹಿಂದೊಮ್ಮೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಡದ ದಾರಿಯಲ್ಲಿ ಬೂಟು ಹೂತುಹೋಗುವ ಕಾಲದಲ್ಲಿ. ದೋಣಿಯವರಿಗೆ ನಿಜವಾಗಿ ಜನ ಬೇಕಾಗುವುದು ಆಗಲೇ, ಬಂದವರು ನೆಂಟರಾಗಿ ಕುಳಿತುಕೊಳ್ಳದೆ ಮನೆಯವರಾಗುವುದೂ ಆಗಲೇ.

ನನ್ನ ಅಕ್ಕನ ಮಗಳು ಮತ್ತು ಅವಳ ಇಂಗ್ಲಿಷ್ ಗಂಡ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ 57 ಅಡಿ ಉದ್ದದ ದೋಣಿಯಲ್ಲಿ ವಾಸವಾಗಿದ್ದಾರೆ. ಅದರ ಅಗಲ 6 ಅಡಿ 10 ಅಂಗುಲ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಮಿಡ್‌ಲ್ಯಾಂಡ್ಸ್ ಕಾಲುವೆಗಳ ಲಾಕ್‌ಗಳನ್ನು, ಅಂದರೆ ನೀರು ತುಂಬಿಸಿ ಇಲ್ಲವೆ ಇಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಬಾಗಿಲುಳ್ಳ ಕಟ್ಟೆಗಳನ್ನು, ಸುಮಾರು 7 ಅಡಿ ಅಗಲಕ್ಕೆ ಕಟ್ಟಿಸಿದ್ದರಿಂದ ಈ ದೋಣಿಗಳು ಇಂದಿಗೂ ಆ ಅಳತೆಯನ್ನು ಮೀರುವಂತಿಲ್ಲ. ಒಳಗಿನ ಗೋಡೆ, ಕಪಾಟುಗಳನ್ನು ಕಳೆದರೆ ಮನುಷ್ಯರಿಗೆ ಉಳಿಯುವುದು ಒಂದು ಓಣಿ. ಶಿವಮೊಗ್ಗದಿಂದ ಬಂದ ಅಕ್ಕ ಮೊದಲ ಸಲ ಒಳಗೆ ಕಾಲಿಟ್ಟಾಗ, "ಇದೇನೇ ಇದು, ಮನೆಯೋ ರೈಲು ಡಬ್ಬಿಯೋ? ಒಬ್ಬರು ಎದ್ದರೆ ಇನ್ನೊಬ್ಬರು ಕೂತ್ಕೋಬೇಕು!" ಎಂದಳು. ಮಗಳು ನಗುತ್ತಲೇ, "ಅದಕ್ಕೇ ಇಲ್ಲಿ ಯಾರನ್ನೂ ಸುಮ್ಮನೆ ಕೂರಿಸೋದಿಲ್ಲ ಅಮ್ಮ, ಈ ಕಡೆ ಬಂದು ಕಾಯಿ ತುರಿದುಕೊಡು" ಎಂದಳು.

ಅದು 2024ರ ವಸಂತ. ಆ ಮಾರ್ಚ್‌ಗೆ ಕೊನೆಗೊಂಡ ಹದಿನೆಂಟು ತಿಂಗಳುಗಳಲ್ಲಿ ಇಂಗ್ಲೆಂಡಿನಲ್ಲಿ ಸುರಿದಷ್ಟು ಮಳೆ, 1836ರಿಂದ ಇರುವ ದಾಖಲೆಗಳಲ್ಲಿ ಅಷ್ಟೇ ಉದ್ದದ ಬೇರಾವ ಅವಧಿಯಲ್ಲೂ ಸುರಿದಿರಲಿಲ್ಲ. ಆ ವರ್ಷ ಈಸ್ಟರ್ ಭಾನುವಾರ ಮಾರ್ಚ್ 31ಕ್ಕೆ, ಯುಗಾದಿ ಏಪ್ರಿಲ್ 9ರ ಮಂಗಳವಾರಕ್ಕೆ ಬಿದ್ದಿದ್ದವು. ಈಸ್ಟರ್‌ಗೆ ಬೀಗರ ಕಡೆಯವರು, ಯುಗಾದಿ ಕಳೆದ ಶನಿವಾರ ನಾವು ಎಂದು ಮಾತಾಗಿತ್ತು. ಆದರೆ ಗುಡ್ ಫ್ರೈಡೇಯ ದಿನ ಕಟ್ಟಿದ ದೋಣಿ ಆ ಶನಿವಾರದವರೆಗೆ ಅದೇ ಜಾಗದಲ್ಲಿ ಇರುವಂತಿರಲಿಲ್ಲ. ಖಾಯಂ ತಂಗುದಾಣವಿಲ್ಲದ ದೋಣಿಗಳು ಒಂದೆಡೆ ಸತತ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲಬಾರದೆಂದು 1995ರ ಬ್ರಿಟಿಷ್ ವಾಟರ್‌ವೇಸ್ ಕಾಯಿದೆ ಹೇಳುತ್ತದೆ. ಸಂದರ್ಭಕ್ಕೆ ತಕ್ಕಷ್ಟು ಹೆಚ್ಚಿನ ಅವಧಿಗೂ ಅದರಲ್ಲಿ ಅವಕಾಶವಿದೆಯಾದರೂ, ಹಬ್ಬದ ಊಟವನ್ನು ಅಂಥ ಸಂದರ್ಭವೆಂದು ವಾದಿಸುವ ಧೈರ್ಯ ನಮ್ಮ ಹುಡುಗಿಗಿರಲಿಲ್ಲ. ಹೀಗಾಗಿ ಬೀಗರು ವುಲ್ವರ್ಟನ್ ಬಳಿ ಉಂಡರು, ನಾವು ಸ್ಟೋಕ್ ಬ್ರೂಯರ್ನ್‌ನ ಲಾಕ್‌ಗಳ ಕೆಳಗೆ ಉಂಡೆವು. ನಡುವಿನ ಪ್ರಯಾಣದಲ್ಲಿ ಅಕ್ಕ, ಭಾವ ಇಬ್ಬರೂ ದೋಣಿಯಲ್ಲೇ ಇದ್ದರು. ಕಾಲುವೆಯ ನೀರನ್ನೇ ನದಿಯ ಮೇಲೆ ಹಾಯಿಸುವ, 1811ರಲ್ಲಿ ತೆರೆದ ಕಬ್ಬಿಣದ ತೊಟ್ಟಿಸೇತುವೆಯ ಮೇಲೆ ದೋಣಿ ಗ್ರೇಟ್ ಊಸ್ ನದಿಯನ್ನು ದಾಟುವಾಗ ಕೆಳಗೆ ಕೆಂಪಗೆ ಹರಿಯುತ್ತಿದ್ದ ಪ್ರವಾಹವನ್ನು ಕಂಡು ಅಕ್ಕ ಕಣ್ಣು ಮುಚ್ಚಿಕೊಂಡಳಂತೆ. ಕಾಸ್‌ಗ್ರೋವ್ ಲಾಕ್‌ನಲ್ಲಿ ಭಾವನ ಕೈಗೆ ವಿಂಡ್‌ಲಾಸ್, ಅಂದರೆ ನೀರಿನ ತೂಬನ್ನು ತಿರುಗಿಸಿ ಎತ್ತುವ ಹಿಡಿಕೆ, ಸಿಕ್ಕಿತು. ಅಳಿಯನ ಜೊತೆ ಅವರು ಮನಸಾರೆ ಮಾತನಾಡಿದ್ದು ಲಾಕ್ ತುಂಬುವವರೆಗೆ ಕಾಯುತ್ತಾ ನಿಂತ ಆ ಹೊತ್ತಿನಲ್ಲೇ. ಮದುವೆಯ ಆರತಕ್ಷತೆಯಲ್ಲಿ ಅದು ಸಾಧ್ಯವಾಗಿರಲಿಲ್ಲ. ಅಲ್ಲಿ ಇಬ್ಬರಿಗೂ ಹಾರ ಹಾಕಿಕೊಂಡು ನಿಲ್ಲುವುದೊಂದೇ ಕೆಲಸವಾಗಿತ್ತು.

ಕೆಸರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಡದಲ್ಲಿ ಕಟ್ಟುವ ಬಳೆಗಳಾಗಲಿ ಕಬ್ಬಿಣದ ಅಂಚಾಗಲಿ ಇಲ್ಲದ ಕಡೆ ದೋಣಿಯವರು ಉದ್ದನೆಯ ಕಬ್ಬಿಣದ ಗೂಟಗಳನ್ನು ಸುತ್ತಿಗೆಯಿಂದ ನೆಲಕ್ಕೆ ಹೊಡೆದು ಹಗ್ಗ ಬಿಗಿಯುತ್ತಾರೆ. ನಾರ್ತಾಂಪ್ಟನ್‌ಶೈರ್‌ನ ಜೇಡಿಮಣ್ಣು ಬೇಸಿಗೆಯಲ್ಲಿ ಗೂಟವನ್ನು ಕಲ್ಲಿನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ತಿಂಗಳುಗಟ್ಟಲೆ ನೆನೆದ ಮೇಲೆ ಹಿಡಿತವನ್ನೇ ಬಿಟ್ಟುಬಿಡುತ್ತದೆ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಕಟ್ಟಿದ ದೋಣಿಗಳ ಪಕ್ಕದಲ್ಲಿ ಅದಕ್ಕಿಂತಲೂ ನಿಧಾನವಾಗಿ ಸಾಗುವುದು ಮರ್ಯಾದೆ. ನಮ್ಮ ಯುಗಾದಿ ಊಟದ ನಡುವೆ ಹೊರಗೆ ಯಾರೋ ಅವಸರದಲ್ಲಿ ಹಾದುಹೋದರು, ಅವರ ದೋಣಿ ಎಳೆದುಕೊಂಡ ನೀರಿನ ಸೆಳೆತಕ್ಕೆ ನಮ್ಮ ಹಿಂಬದಿಯ ಗೂಟ ಕಿತ್ತು ಬಂದಿತು. ಕಿಟಕಿಯಲ್ಲಿದ್ದ ಬೇಲಿ ಮೆಲ್ಲಗೆ ದೂರ ಸರಿಯುತ್ತಿರುವುದನ್ನು ಮೊದಲು ಕಂಡವಳು ಅಕ್ಕ. ಭಾವ ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ ಕೆಸರಿಗಿಳಿದು, ಅಳಿಯ ಎಸೆದ ಹಗ್ಗವನ್ನು ಹಿಡಿದೆಳೆದರು. ಎಲೆಯ ಮುಂದೆ ಪುನಃ ಕುಳಿತಾಗ ಅವರ ಪಾದಗಳು ಮಣ್ಣಿನಲ್ಲಿ ಅದ್ದಿ ತೆಗೆದಂತಿದ್ದವು, ಮುಖದಲ್ಲಿ ಮಾತ್ರ ಯಜಮಾನಿಕೆಯ ಕಳೆ ಬಂದಿತ್ತು.

ಇಷ್ಟು ಹೇಳಿ ದೋಣಿಯ ಬದುಕನ್ನು ಹಾಡಿ ಹೊಗಳಿದರೆ ಅದು ಜುಲೈ ನೆಂಟರ ಮಾತೇ ಆಗುತ್ತದೆ. ಮಳೆಗಾಲದ ದೋಣಿಯಲ್ಲಿ ಬಟ್ಟೆ ಒಣಗುವುದಿಲ್ಲ, ಕಿಟಕಿಯ ಒಳಮೈಯಲ್ಲಿ ಬೆವರು ಇಳಿಯುತ್ತದೆ, ಮೋಡದ ದಿನಗಳಲ್ಲಿ ಸೌರಫಲಕಗಳಿಂದ ಬರುವ ವಿದ್ಯುತ್ತು ಸಾಲದೆ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಬೇಕಾಗುತ್ತದೆ. ಶೌಚದ ಡಬ್ಬಿಯನ್ನು ಅದಕ್ಕೆಂದೇ ಇರುವ ಜಾಗಕ್ಕೆ ಹೊತ್ತೊಯ್ದು ಸುರಿಯುವವರೂ ತಾವೇ. ಚೊಂಬಿನ ತುಂಬ ನೀರು ಬಳಸಿ ಅಭ್ಯಾಸವಿರುವ ನಮ್ಮವರು ನಾಲ್ಕು ಜನ ಸೇರಿದರೆ ಆ ಡಬ್ಬಿಯ ಗತಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದರ ಮೇಲೆ, ಕಾಲುವೆಗಳನ್ನು 2012ರಿಂದ ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್, ಖಾಯಂ ತಂಗುದಾಣವಿಲ್ಲದ ದೋಣಿಗಳ ಪರವಾನಗಿಗೆ 2024ರ ಏಪ್ರಿಲ್‌ನಿಂದ ಹೆಚ್ಚುವರಿ ಶುಲ್ಕ ಹಾಕಿದೆ. ಮೊದಲ ವರ್ಷ ಶೇ 5ರಿಂದ ಆರಂಭಿಸಿ 2028ಕ್ಕೆ ಶೇ 25ಕ್ಕೆ ಏರಿಸುವುದು ಅದರ ಯೋಜನೆ. ಹಳೆಯ ಕಾಲುವೆಗಳ ದುರಸ್ತಿಗೆ ಹಣ ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಬಾಡಿಗೆ ತೆರಲಾರದೆ ನೀರಿಗಿಳಿದವರೂ ಅನೇಕರಿರುವಾಗ, ಒಂದೆಡೆ ನಿಲ್ಲದೆ ಅಲೆಯುವವರಿಂದಲೇ ಹೆಚ್ಚು ಕೇಳುವುದು ನನಗೆ ಸರಿಕಾಣುವುದಿಲ್ಲ. "ನಿಮಗೇನಮ್ಮ, ಬಿಟ್ಟಿ ಮನೆ" ಎನ್ನುವ ನೆಂಟರು ಇದನ್ನೂ ತಿಳಿದಿರಬೇಕು.

ದೋಣಿಯಲ್ಲಿ ಸಂಸಾರ ಹೂಡುವುದು ಈಗಿನ ಹುಡುಗರ ಹುಚ್ಚು ಎಂದು ಅಕ್ಕ ತಿಳಿದಿದ್ದಳು. ಹತ್ತೊಂಬತ್ತನೆಯ ಶತಮಾನದಲ್ಲಿ ಸರಕು ಸಾಗಿಸುತ್ತಿದ್ದ ಕುಟುಂಬಗಳು ದೋಣಿಯ ಹಿಂಬದಿಯ ಸುಮಾರು ಹತ್ತಡಿ ಉದ್ದದ ಕೋಣೆಯಲ್ಲಿ ಮಕ್ಕಳುಮರಿಯೊಂದಿಗೆ ಬಾಳಿದ್ದವು. ಆ ಇಕ್ಕಟ್ಟಿಗೆ ಮಿತಿ ಹಾಕಲೆಂದೇ 1877ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಬೇಕಾಯಿತು. ಅವರಿಗೆ ಊರೆಂಬುದು ಇರಲಿಲ್ಲವಾದರೂ ಸೇರುವ ಜಾಗಗಳಿದ್ದವು. ನಾರ್ತಾಂಪ್ಟನ್‌ಶೈರ್‌ನ ಬ್ರಾನ್‌ಸ್ಟನ್‌ನ ಚರ್ಚಿನಲ್ಲಿ ಅವರ ಮದುವೆಗಳು ನಡೆದಿವೆ, ಅದರ ಅಂಗಳದಲ್ಲಿ ಅವರ ಸಮಾಧಿಗಳಿವೆ. ಅಲೆಯುವವರಿಗೆ ಕೂಟದ ಬೆಲೆ ಹೆಚ್ಚು ಗೊತ್ತಿತ್ತು ಎಂದು ನನಗೆ ತೋರುತ್ತದೆ.

ಅಕ್ಕ ಇನ್ನೂ ಪೂರ್ತಿ ಒಪ್ಪಿಲ್ಲ. "ಮಗು ಆದ್ಮೇಲೂ ಹಿಂಗೇ ತೇಲ್ತಾ ಇರ್ತಾರಾ?" ಎಂದು ನನಗೆ ಫೋನಿನಲ್ಲಿ ಕೇಳುತ್ತಲೇ ಇರುತ್ತಾಳೆ, ನಾನು ಅವಳ ಮಗಳನ್ನೇ ಕೇಳು ಎನ್ನುತ್ತೇನೆ. ಆದರೂ ಮುಂದಿನ ಪ್ರಯಾಣವನ್ನು ಬೇಸಿಗೆಗೆ ಮುಂದೂಡೋಣವೆಂಬ ಮಾತನ್ನು ಭಾವನೇ ತಳ್ಳಿಹಾಕಿದ್ದಾರೆ. ಅವರಂತೆ ಹೊರಡುವವರಿಗೆ ನನ್ನ ಸಲಹೆ ಇಷ್ಟೇ: ಮೊಣಕಾಲುದ್ದದ ರಬ್ಬರ್ ಬೂಟು ತನ್ನಿ, ಕುಡಿಯುವ ನೀರನ್ನು ಕ್ಯಾನಿನಲ್ಲಿ ಹೊತ್ತು ತನ್ನಿ, ಉಡುಗೊರೆಯೆಂದು ಸ್ಟೀಲ್ ಡಬ್ಬಗಳ ಸೆಟ್ಟನ್ನು ಮಾತ್ರ ತರಬೇಡಿ, ಇಡಲು ಜಾಗವಿಲ್ಲ. ಹೋಳಿಗೆಯನ್ನು ಮನೆಯಲ್ಲೇ ಬೇಯಿಸಿಕೊಂಡು ಹೋಗಿ, ಏಕೆಂದರೆ ಹೆಂಚಿನ ಮೇಲೆ ತುಪ್ಪ ಹೊಗೆಯಾಡಿದೊಡನೆ ಅಲ್ಲಿನ ಅಲಾರಂ ಕಾಲುವೆಯ ಎರಡೂ ದಡಕ್ಕೆ ಕೇಳುವಂತೆ ಕೂಗುತ್ತದೆ.